ಮುದ್ರೆಯಿಲ್ಲದ ಮಾತು

"ಗುರುಗಳೇ, ಅರಮನೆಯ ಕಚೇರಿಯಿಂದ ನನಗೆ ಕರೆ ಬಂದಿದೆ. ಹತ್ತು ವರ್ಷ ಅಲ್ಲಿ ದುಡಿದವನು ಆಮೇಲೆ ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ ಎನ್ನುತ್ತಾರೆ. ಹೋಗಲೇ, ಬಿಡಲೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಬಂದರಿನ ಬಡಗಣ ದಕ್ಕೆಯಲ್ಲಿ ಅರಮನೆಯ ದೋಣಿ ಪರೀಕ್ಷಕನೊಬ್ಬನಿದ್ದ. ಅವನು ಮುದ್ರೆ ಒತ್ತದೆ ಅಲ್ಲಿಂದ ಯಾವ ದೋಣಿಯೂ ಹೊರಡುವಂತಿರಲಿಲ್ಲ. ಅವನು ಒಂದೊಂದು ಹಲಗೆಯನ್ನೂ ತಟ್ಟಿ ಕಿವಿಗೊಡುತ್ತಿದ್ದ, ಸಂದುಸಂದಿನಲ್ಲೂ ಬೆರಳಾಡಿಸುತ್ತಿದ್ದ. ಮನಸ್ಸಿಗೆ ಒಪ್ಪದಿದ್ದರೆ ಯಾರ ದೋಣಿಯಾದರೂ ಸರಿ, ತಡೆಯುತ್ತಿದ್ದ. ಒಬ್ಬ ವರ್ತಕನ ದೋಣಿಯನ್ನಂತೂ ಒಂದೇ ವರ್ಷದಲ್ಲಿ ನಾಲ್ಕು ಸಲ ತಡೆದ. ವರ್ತಕನಿಗೆ ಆ ವರ್ಷದ ಯಾನವೇ ತಪ್ಪಿಹೋಯಿತು. ನಾಲ್ಕು ಜನರ ಮುಂದೆ ಬಾಯಿಗೆ ಬಂದಂತೆ ಬೈದ. ಪರೀಕ್ಷಕ ಎಲ್ಲವನ್ನೂ ಕೇಳಿಸಿಕೊಂಡ. ಮುದ್ರೆ ಮಾತ್ರ ಒತ್ತಲಿಲ್ಲ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಹೊಸ ಮಂತ್ರಿ ಬಂದು ಆ ಕಚೇರಿಯನ್ನೇ ಮುಚ್ಚಿಸಿದ. ಮುದ್ರೆಯನ್ನು ಒಪ್ಪಿಸಿ ಬರಿಗೈಯಲ್ಲಿ ಹೊರಬಂದ ಪರೀಕ್ಷಕ, ದೋಣಿ ಕಟ್ಟುವ ಬಡಗಿಗಳ ಬಳಿ ಕೆಲಸ ಕೇಳಿಕೊಂಡು ಹೋದ.

"ಹನ್ನೆರಡು ವರ್ಷ ನಮ್ಮ ಕೆಲಸದಲ್ಲಿ ತಪ್ಪು ಹುಡುಕಿದಿರಿ. ಈಗ ಬಾಚಿ ಹಿಡಿದು ಒಂದು ಹಲಗೆ ಕೆತ್ತಿ ತೋರಿಸಿ, ನೋಡೋಣ," ಎಂದರು ಅವರು.

ಅವನಿಗೆ ಬರಲಿಲ್ಲ. ಅವರ ಮಾತಿನಲ್ಲಿ ಸುಳ್ಳಿಲ್ಲ ಎಂಬುದೇ ಅವನನ್ನು ಹೆಚ್ಚು ನೋಯಿಸಿತು. ಮನೆಗೆ ಬಂದವನು ಹೆಂಡತಿಯ ಮುಖ ನೋಡಲಾರದೆ ಕುಳಿತ.

ಕೆಲವು ದಿನಗಳ ಮೇಲೆ ಆ ವರ್ತಕ ಅವನಿಗೆ ಹೇಳಿಕಳಿಸಿದ. ಹಳೆಯ ಸೇಡು ತೀರಿಸಿಕೊಳ್ಳಲೆಂದೇ ಕರೆದಿದ್ದಾನೆ ಎಂದುಕೊಂಡ ಪರೀಕ್ಷಕ. ಆದರೂ ಹೋದ. ದಕ್ಕೆಯಲ್ಲಿ ಹೊಸ ದೋಣಿಯೊಂದು ಸಿಂಗರಿಸಿಕೊಂಡು ನಿಂತಿತ್ತು.

"ನನ್ನ ಮಗಳು ಇವತ್ತು ಇದರಲ್ಲಿ ಗಂಡನ ಮನೆಗೆ ಹೊರಟು ಕುಳಿತಿದ್ದಾಳೆ. ಕಟ್ಟಿದವರು ಚೆನ್ನಾಗಿದೆ ಎನ್ನುತ್ತಾರೆ. ನೀವು ಒಂದು ಸಲ ನೋಡಿ ಹೇಳಿ," ಎಂದ ವರ್ತಕ.

ಪರೀಕ್ಷಕ ದೋಣಿಯ ತಳದಲ್ಲಿ ಕುಳಿತು ಬಹಳ ಹೊತ್ತು ಹಲಗೆಗಳನ್ನು ತಟ್ಟಿ ನೋಡಿದ. ಚೆನ್ನಾಗಿದೆ ಎಂದುಬಿಟ್ಟರೆ ಈ ಮನೆಯಲ್ಲಾದರೂ ಒಂದು ಕೆಲಸ ಸಿಗಬಹುದು ಎಂದು ಅವನಿಗೆ ಗೊತ್ತಿತ್ತು. ಎದ್ದು ಬಂದು, "ತಳದ ಹಲಗೆಯೊಂದು ಒಳಗೇ ಸೀಳಿದೆ. ಮಗಳನ್ನು ಕಳಿಸಬೇಡಿ," ಎಂದ.

ಅವನ ಕೈಯಲ್ಲಿ ಮುದ್ರೆಯಿರಲಿಲ್ಲ; ಬೆನ್ನ ಹಿಂದೆ ಕಾವಲು ಭಟರಿರಲಿಲ್ಲ. ವರ್ತಕ ಮರುಮಾತಾಡದೆ ಮಗಳ ಕೈಹಿಡಿದು ದೋಣಿಯಿಂದ ಇಳಿಸಿಕೊಂಡ. ಆ ಹಲಗೆಯನ್ನು ಕಿತ್ತು ನೋಡಿದಾಗ ಸೀಳು ಮೊಳದುದ್ದ ಇತ್ತು.

ವರ್ತಕ ಅವನನ್ನು ತನ್ನ ದೋಣಿಗಳಿಗೆಲ್ಲ ಮೇಲ್ವಿಚಾರಕನನ್ನಾಗಿ ಮಾಡಿಕೊಂಡ. ಅವನೋ, ನಲವತ್ತು ದಾಟಿದ ಮೇಲೆ ಬಡಗಿಗಳ ಪಕ್ಕದಲ್ಲಿ ಕುಳಿತು ಬಾಚಿ ಹಿಡಿಯುವುದನ್ನು ಮೊದಲಿನಿಂದ ಕಲಿತ. ಬರಬರುತ್ತಾ, ಯಾರ ದೋಣಿ ಹತ್ತುವವರೂ, "ಅವರು ನೋಡಿದ್ದಾರಾ?" ಎಂದು ಕೇಳಿಯೇ ಕಾಲಿಡುವಂತಾಯಿತು.

ಮರುಳಯ್ಯನ ಮುಖ ಅರಳಿತು. ಕಚೇರಿಗೆ ಹೋಗಲು ಅವನ ಮನಸ್ಸು ಆಗಲೇ ಎದ್ದು ನಿಂತಿತ್ತು. "ಹಾಗಾದರೆ ಅರಮನೆಯ ಕೆಲಸ ಮಾಡಿದವನಿಗೆ ಮುಂದೆ ದಾರಿ ಇದ್ದೇ ಇದೆ, ಅಲ್ಲವೇ ಗುರುಗಳೇ?"

"ಅದೇ ಬಂದರಿನ ಬೇರೆ ದಕ್ಕೆಗಳಲ್ಲಿ ಹನ್ನೆರಡು ವರ್ಷ ಕೇಳಿದವರಿಗೆಲ್ಲ ಮುದ್ರೆ ಒತ್ತಿಕೊಟ್ಟವರು ಇನ್ನೂ ಮೂವರಿದ್ದರು, ಮರುಳಯ್ಯ. ಅವರಿಗೆ ಯಾರೂ ಹೇಳಿಕಳಿಸಲಿಲ್ಲ."