ಕರೆಕಲ್ಲಿಗೆ ಆ ಹೆಸರು ಬಂದ ಬಗೆ

ಬೂದನಕೊಪ್ಪದ ಕ್ರೈಸ್ತ ಸಭೆಯಲ್ಲಿ ಸವಣೂರ ಮನೆತನವನ್ನು ಯಾರಿಗೂ ಪರಿಚಯ ಮಾಡಿಕೊಡುವ ಅಗತ್ಯ ಇದುವರೆಗೆ ಬಂದಿರಲಿಲ್ಲ. ಈಗ ಬಂದಿರುವುದರಿಂದ ಹೇಳುತ್ತೇನೆ. ನಾವು ನಾಲ್ಕು ತಲೆಮಾರುಗಳಿಂದ ಈ ಸಭೆಗೆ ಸೇರಿದವರು. ನನ್ನ ಮುತ್ತಜ್ಜ ತಿಮೊಥಿ ಸವಣೂರ ಇಲ್ಲಿ ಮೊದಲು ಪಾದ್ರಿಯ ಕೈಕೆಳಗಿನ ಉಪದೇಶಿಯಾಗಿ, ಅನಂತರ ದೀಕ್ಷೆ ಪಡೆದು ಪಾದ್ರಿಯಾಗಿ ಒಟ್ಟು ಮೂವತ್ತೊಂದು ವರ್ಷ ಸೇವೆ ಮಾಡಿದರು. ಅಜ್ಜ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯರು. ತಂದೆ ಸಭೆಯ ಹಿರಿಯರಾಗಿದ್ದಷ್ಟು ಕಾಲವೂ ಒಂದು ಭಾನುವಾರ ಕೂಡ ಮೊದಲ ಕೀರ್ತನೆಗೆ ತಡವಾಗಿ ಬಂದವರಲ್ಲ. ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿಸಿದರು. ಅಲ್ಲಿನ ಸಿಸ್ಟರುಗಳು ಬೇರೆ ಪಂಥದವರಾದರೂ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು ಎಂದು ನನಗೆ ಕಲಿಸಿದರು. ನಾನು ನಲವತ್ತು ವರ್ಷ ಇದೇ ಸಭೆಯ ಭಾನುವಾರ ಶಾಲೆಯಲ್ಲಿ ಅದನ್ನೇ ಕಲಿಸಿದ್ದೇನೆ. ಕ್ರೈಸ್ತರಾಗುವ ಮೊದಲು ನಾವು ಅಗಸರು. ಇದನ್ನು ನಮ್ಮ ಮನೆಯಲ್ಲಿ ಯಾರೂ ಮುಚ್ಚಿಟ್ಟಿಲ್ಲ; ಮುಂದೆ ಹೇಳುವ ಸಂಗತಿಗೆ ಅದು ಬೇಕು.

ಊರಿನ ಮೂಡಣಕ್ಕೆ ಒಂದು ಮೈಲಿ ದೂರದಲ್ಲಿ, ಹತ್ತಿಯ ಹೊಲಗಳ ನಡುವೆ, ಎರಡಾಳೆತ್ತರದ ಒಂದು ಬಂಡೆ ಇದೆ. ಮೇಲೆ ನಾಲ್ಕು ಜನ ನಿಲ್ಲುವಷ್ಟು ಸಮತಟ್ಟು. ಪಡುವಣ ಮಗ್ಗುಲಲ್ಲಿ ಅದು ಸೂರಿನಂತೆ ಮುಂದಕ್ಕೆ ಚಾಚಿದೆ. ಆ ಚಾಚಿನ ಅಡಿಗೆ ಮಳೆ ಬೀಳುವುದಿಲ್ಲ. ಅಲ್ಲಿ ಕಲ್ಲಿನ ಮೈಮೇಲೆ ಕಪ್ಪು ಗುರುತುಗಳಿವೆ. ಒಂದು ಕಡೆ ಎರಡು ಚುಕ್ಕೆ, ಒಂದು ಗೀಟು; ಇನ್ನೊಂದು ಕಡೆ ಏಣಿಯಂಥದ್ದು; ಎಲ್ಲಕ್ಕಿಂತ ಮೇಲೆ ಒಂದು ಅರ್ಧಚಂದ್ರ, ಅದರ ಕೆಳಗೆ ಮೂರು ಚುಕ್ಕೆ. ನೋಡಲು ಬಂದವರಿಗೆ ಕುತೂಹಲ ಸಹಜ. ಆದಿಮಾನವರ ಚಿತ್ರ ಎಂದು ಕಾಲೇಜಿನ ಮಾಸ್ತರರೊಬ್ಬರು ಹುಡುಗರನ್ನು ಕರೆತಂದು ತೋರಿಸಿದ್ದುಂಟು. ಕುರಿ ಕಾಯುವವರು, ಕೂಗಿದರೆ ಓಗೊಡುವ ಕಲ್ಲು ಎನ್ನುತ್ತಾರೆ. ಈ ಬಂಡೆಗೆ ಕರೆಕಲ್ಲು ಎಂದು ಹೆಸರು. ಆ ಹೆಸರು ಏಕೆ ಬಂತು ಎಂಬುದಕ್ಕೆ ಕಳೆದ ತಿಂಗಳು ಒಂದು ಹೊಸ ವಿವರಣೆ ಹುಟ್ಟಿದೆ.

ಸಭೆಗೆ ನೂರೈವತ್ತು ವರ್ಷ ತುಂಬಿದ ನೆನಪಿಗೆ ಹೊರಬಂದ ಸ್ಮರಣ ಸಂಚಿಕೆಯ ನಲವತ್ತೊಂದನೆಯ ಪುಟದಲ್ಲಿ ಆ ವಿವರಣೆ ಇದೆ. ಕರೆ ಎಂದರೆ ಕಲೆ, ಕಳಂಕ. ಪ್ಲೇಗಿನ ವರ್ಷ ಉಪದೇಶಿ ತಿಮೊಥಿ ಸವಣೂರ ಸಭೆಯನ್ನು ಕೈಬಿಟ್ಟು ಕೆರೆಯ ಆಚೆ ಹೋಗಿಬಿಟ್ಟಿದ್ದರು. ಆ ಕಳಂಕದ ನೆನಪಿಗೆ ಜನ ಬಂಡೆಗೆ ಆ ಹೆಸರಿಟ್ಟರು ಎಂದು ಅಲ್ಲಿ ಅಚ್ಚಾಗಿದೆ. ಇದು ಓದಿ ಮಡಚಿಡುವ ಮಾತಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ದೇವಾಲಯದ ಮೊಗಸಾಲೆಯಲ್ಲಿ ಈವರೆಗೆ ಸೇವೆ ಮಾಡಿದ ಪಾದ್ರಿಗಳೆಲ್ಲರ ಹೆಸರು ಕೊರೆದ ಕಲ್ಲನ್ನು ಕೂರಿಸಲಿದ್ದಾರೆ. ಹೆಸರುಗಳ ಕರಡನ್ನು ನೋಡಿದೆ. ಮೂರನೆಯ ಪಾದ್ರಿಯಾದ ಮೇಲೆ ಐದನೆಯವರು. ನಡುವಿನ ತಿಮೊಥಿ ಸವಣೂರ ಇಲ್ಲ. ಸಂಚಿಕೆಯ ಸಂಪಾದಕ ವಿಕ್ಟರ್ ಅಣ್ಣಿಗೇರಿ ನನ್ನ ಭಾನುವಾರ ಶಾಲೆಯಲ್ಲೇ ಕಲಿತವನು. ಕೇಳಿದ್ದಕ್ಕೆ, "ಟೀಚರ್, ನಾ ಏನ್ ಮಾಡ್ಲಿರೀ, ದಾಖಲೆ ಹಂಗ ಹೇಳ್ತೈತಿ. ಕರೆ ಅಂದ್ರ ಕಲೆ ಅಂತ ನಿಘಂಟಿನಾಗೂ ಐತಿ" ಎಂದ. ನಿಘಂಟಿನಲ್ಲಿ ಅದೇ ಸಾಲಿನಲ್ಲಿ ಇನ್ನೊಂದು ಅರ್ಥವೂ ಇದೆ, ಅಲ್ಲಿಯವರೆಗೆ ಓದಲಿಲ್ಲವೇ ಎಂದು ಕೇಳಿದೆ. ಅಚ್ಚಾಗಿಹೋಗಿದೆ ಎಂದು ಹೊರಟುಹೋದ. ಆದ್ದರಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ನನಗೆ ಹೇಳಿದವರು ತಿಮೊಥಿಯವರ ಹಿರಿಯ ಮಗಳು ಲೋಯಿಸಮ್ಮ, ನನ್ನ ಅಜ್ಜನ ಅಕ್ಕ. ಪ್ಲೇಗಿನ ವರ್ಷ ಅವರಿಗೆ ಹನ್ನೆರಡು ತುಂಬಿತ್ತು. ಕಂಡದ್ದನ್ನು ಕಂಡಂತೆ ಹೇಳುವ ವಯಸ್ಸು.

ಹಿಂದೆ ಒಮ್ಮೆ, ನೂರಿಪ್ಪತ್ತು ವರ್ಷಗಳಿಗೂ ಮೊದಲು, ಈ ಸೀಮೆಗೆ ಪ್ಲೇಗು ಬಂತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಜನ ಬಾಗಿಲಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಬೂದನಕೊಪ್ಪದ ಸಭೆಯವರು ಬಂಡೆಯ ಸುತ್ತ ಮೂರು ಕಡೆ ಬಿಡಾರ ಹೂಡಿದರು. ಒಂದು ಬಿಡಾರದವರು ಇನ್ನೊಂದಕ್ಕೆ ಕಾಲಿಡಬಾರದೆಂದು ಸರಕಾರದ ಅಪ್ಪಣೆ. ಆಗ ಸಭೆಗೆ ಪಾದ್ರಿ ಇರಲಿಲ್ಲ. ಉಪದೇಶಿಯಾಗಿದ್ದ ತಿಮೊಥಿಯವರೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಮನೆಮನೆಗೆ ಹೋಗುವಂತಿಲ್ಲ, ಹೋಗದೆ ಇರುವಂತೆಯೂ ಇಲ್ಲ. ಅವರು ಬೆಳಗಾಗುತ್ತಲೇ ಬಂಡೆಯ ಮೇಲೆ ಹತ್ತಿ ನಿಂತು ನಲವತ್ತು ಮನೆಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಕರೆಯತೊಡಗಿದರು. ಕೆಳಗಿನಿಂದ "ಅದೀವ್ರೀ" ಎಂದು ಉತ್ತರ ಬರಬೇಕು. ಬರದ ಮನೆಗೆ ಅಪ್ಪಣೆ ಇರಲಿ ಬಿಡಲಿ ಇಳಿದು ಹೋಗುತ್ತಿದ್ದರು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆದು ಬೆಳೆದವರ ಗಂಟಲು. ಮೂರು ಬಿಡಾರಕ್ಕೂ ಮುಟ್ಟುತ್ತಿತ್ತು ಎನ್ನುತ್ತಾರೆ.

ಮೊದಲ ವಾರದಲ್ಲೇ ಒಂದು ತಪ್ಪಾಯಿತು. ಅದನ್ನು ನಾನು ಮರೆಮಾಚುವುದಿಲ್ಲ, ಏಕೆಂದರೆ ಅವರೂ ಮರೆಮಾಚಲಿಲ್ಲ. ನಲವತ್ತು ಹೆಸರುಗಳಲ್ಲಿ ಒಂದು, ಕಡೆಯ ಗುಡಿಸಲಿನ ಇಸ್ರಾಯೇಲಪ್ಪನದು, ಎರಡು ದಿನ ಅವರ ನೆನಪಿನಿಂದ ಜಾರಿತು. ಕರೆಯದಿದ್ದ ಮೇಲೆ ಉತ್ತರ ಬರಲಿಲ್ಲವೆಂದು ಗೊತ್ತಾಗುವುದು ಹೇಗೆ? ಮೂರನೆಯ ದಿನ ಹೋಗಿ ನೋಡಿದಾಗ ಗಂಡಹೆಂಡಿರಿಬ್ಬರೂ ತೀರಿಹೋಗಿದ್ದರು. ತಿಮೊಥಿಯವರು ಆ ದಿನ ಊಟ ಮಾಡಲಿಲ್ಲ. "ಅಗಸನಾಗಿದ್ದಾಗ ಒಬ್ಬರ ಮನಿ ಅರಿವಿ ಇನ್ನೊಬ್ಬರ ಮನಿಗಿ ಕೊಟ್ಟವ ಅಲ್ಲ ನಾ. ಅರಿವಿ ತಪ್ಪಲಿಲ್ಲ, ಮಂದಿ ತಪ್ಪಿತು" ಎಂದು ಮಗಳ ಮುಂದೆ ಅಂದರಂತೆ. ಅರಿವೆ ತಪ್ಪದಿದ್ದುದಕ್ಕೆ ಕಾರಣವಿತ್ತು. ಅಗಸರಲ್ಲಿ ಮನೆಗೊಂದು ಗುರುತು. ಕೇರುಬೀಜವನ್ನು ಚುಚ್ಚಿ, ಅದರ ಕಪ್ಪು ರಸದಿಂದ ಬಟ್ಟೆಯ ಅಂಚಿಗೆ ಆ ಗುರುತು ಹಾಕಿದರೆ ಬಟ್ಟೆ ಹರಿದರೂ ಅದು ಹೋಗದು. ಮರುದಿನ ಅವರು ಕೇರುಬೀಜ ತಂದು, ಬಂಡೆಯ ಚಾಚಿನ ಅಡಿಯಲ್ಲಿ ನಲವತ್ತು ಮನೆಗಳ ಗುರುತನ್ನೂ ಸಾಲಾಗಿ ಹಾಕಿದರು. ಇಸ್ರಾಯೇಲಪ್ಪನ ಮನೆಯದನ್ನೂ ಬಿಡಲಿಲ್ಲ. ಅಂದಿನಿಂದ ಮೊದಲು ಆ ಗೋಡೆಯನ್ನು ಓದುವುದು, ಆಮೇಲೆ ಮೇಲೆ ಹತ್ತಿ ಕರೆಯುವುದು. ಒಂದು ಹೆಸರೂ ತಪ್ಪಲಿಲ್ಲ. ಆ ಕಪ್ಪಿಗೂ ಕರೆ ಎಂದೇ ಹೇಳುತ್ತಾರೆ. ಹಾಗಾಗಿ ಕರೆ ಎಂದರೆ ಕಲೆ ಎಂಬ ವಿಕ್ಟರನ ಮಾತು ಅರ್ಧ ನಿಜ. ಯಾವ ಕಲೆ ಎಂದು ಅವನು ವಿಚಾರಿಸಲಿಲ್ಲ.

ಅರ್ಧಚಂದ್ರ ಮತ್ತು ಮೂರು ಚುಕ್ಕೆ ರೆಬ್ಕವ್ವನ ಮನೆಯ ಗುರುತು. ಆಕೆ ಮಿಷನ್ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದ ವಿಧವೆ, ಬಾಯಲ್ಲಿ ಸದಾ ತಂಬಾಕು. ಒಂದು ಬೆಳಗ್ಗೆ ಆಕೆಯ ಗುಡಿಸಲಿನಿಂದ ಉತ್ತರ ಬರಲಿಲ್ಲ. ತಿಮೊಥಿಯವರು ಮೂರು ಬಾರಿ ಕೂಗಿ, ಮುಳ್ಳು ಕಂಟಿ ನೋಡದೆ ಓಡಿದರು. ರೆಬ್ಕವ್ವ ಬಾಗಿಲಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು.

"ಯಾಕವ್ವಾ, ಓ ಅನ್ನಲಿಲ್ಲ?"

"ನನ್ನ ಸೊಸಿ ಹೆಸರ ಮೊದಲ ಕರದ್ರಿ. ಮನಿ ಯಾರದ್ರಿ, ಆಕೀದೋ ನಂದೋ?"

"ಎದಿ ಒಡಕೊಂಡು ಓಡಿ ಬಂದೀನಿ, ರೆಬ್ಕವ್ವಾ!"

"ಛಲೋ ಆತು ತಗೋರಿ. ಇನ್ನ ಮ್ಯಾಲ ಮರೆಯಂಗಿಲ್ಲ. ಕುಂಡರ್ರಿ, ರೊಟ್ಟಿ ತಿಂದು ಹೋಗ್ರಿ."

ಮರುದಿನದಿಂದ ನಲವತ್ತು ಮನೆಗಳಲ್ಲಿ ಮೊದಲ ಹೆಸರು ರೆಬ್ಕವ್ವನದೇ ಆಯಿತು. ಆ ಮನೆಯ ಗುರುತು ಎಲ್ಲಕ್ಕಿಂತ ಮೇಲಿರುವುದು ಅದಕ್ಕೇ. ಸಾಲಿನಲ್ಲಿ ಇದ್ದದ್ದು ಸಾಲದೆಂದು ಆಕೆ ನಿಂತು ಮೇಲೆ ಇನ್ನೊಮ್ಮೆ ಬರೆಯಿಸಿದಳಂತೆ.

ಬಂಗಲೆಯ ಕೋಳಿಗಳಿಗೆ ಕಾಳು ಹಾಕಲು ರೆಬ್ಕವ್ವ ಯಾರು ಬೇಡವೆಂದರೂ ಬೆಳಗ್ಗೆ ಊರೊಳಗೆ ಹೋಗಿ ಬರುತ್ತಿದ್ದಳು. ಮುಂಜಾನೆ ಎಲ್ಲರಿಗಿಂತ ಮೊದಲು ಬರುವ ತನ್ನ ಹೆಸರಿಗೆ ಓ ಎಂದು ಹೇಳಿ ಹೊರಟುಬಿಡುವಳು. ಅಂಥ ಒಂದು ಬೆಳಗ್ಗೆ ಮಿಷನ್ನಿನ ಮೇಲ್ವಿಚಾರಕ ದೊರೆ ಟಾಂಗಾದಲ್ಲಿ ಬಂಗಲೆಯ ಬಾಗಿಲವರೆಗೆ ಬಂದರು. ಮೂಗಿಗೆ ವಸ್ತ್ರ ಹಿಡಿದು, ಟಾಂಗಾದಿಂದ ಇಳಿಯದೆ, ಉಪದೇಶಿ ಎಲ್ಲಿ ಎಂದು ಕೇಳಿದರು. ರೆಬ್ಕವ್ವ ಹೇಳಿದಳು. ಕೇಳಿಸಿಕೊಂಡು ಅವರು ಟಾಂಗಾ ತಿರುಗಿಸಿಕೊಂಡು ಹೋದರು. ಸಂಜೆ ಆಕೆ ಇದನ್ನು ತಿಮೊಥಿಯವರಿಗೆ ನಗುತ್ತ ಹೇಳುವಾಗ ಲೋಯಿಸಮ್ಮ ಅಲ್ಲೇ ಇದ್ದರು. ಏನಂದಿ ಎಂದು ತಿಮೊಥಿಯವರು ಕೇಳಿದರೆ, "ಇದ್ದದ್ದ ಅಂದೆ. 'ಕರಿಯಾಕ ಹೋಗ್ಯಾರ್ರೀ' ಅಂದೆ. ದೊರಿಗೆ ನನ್ನ ಸಾರಿನ ನೆನಪಾಗಿರಬೇಕು, ನಿಲ್ಲಲಿಲ್ಲ ನೋಡ್ರಿ" ಎಂದಳಂತೆ. ಆ ದೊರೆ ಅಂದು ತಮ್ಮ ವರದಿಯಲ್ಲಿ ಬರೆದ ಸಾಲನ್ನು ನಾನು ಈಚೆಗೆ ಮಿಷನ್ನಿನ ಹಳೆಯ ಕಡತದಲ್ಲಿ ಓದಿದೆ. 'ಉಪದೇಶಿಯು ಸ್ಥಳದಲ್ಲಿಲ್ಲ, ಕೆರೆಯ ಆಚೆ ಹೋಗಿದ್ದಾನೆ.' ಮೊದಲಿಗೆ ಈ ಸಾಲು ನನಗೆ ಅರ್ಥವಾಗಲಿಲ್ಲ. ಕಡೆಗೆ ರೆಬ್ಕವ್ವನ ಮಾತನ್ನು ಅವಳ ಹಾಗೆಯೇ, ಬಾಯಲ್ಲಿ ತಂಬಾಕಿಗೆ ಬದಲು ವೀಳ್ಯದೆಲೆ ಇಟ್ಟುಕೊಂಡು, ಗಟ್ಟಿಯಾಗಿ ಹೇಳಿ ನೋಡಿದೆ. ಕರಿಯಾಕ ಹೋಗ್ಯಾರ. ಕೆರಿ ಆ ಕಡೆ ಹೋಗ್ಯಾರ. ಪುಸ್ತಕ ಓದಿ ಕನ್ನಡ ಕಲಿತ ಕಿವಿಗೆ ಎರಡಕ್ಕೂ ಏನು ವ್ಯತ್ಯಾಸ? ಕರೆಯಲು ಹೋದವರು ಕೆರೆಯಾಚೆ ಹೋದವರಾದರು.

ನಾಲ್ಕು ದಿನದ ಮೇಲೆ ರೆಬ್ಕವ್ವನ ಗುಡಿಸಲಿನಿಂದ ಮತ್ತೆ ಉತ್ತರ ಬರಲಿಲ್ಲ. ಮುನಿಸಿಕೊಂಡಿರಬೇಕೆಂದು ಸುತ್ತಲಿನವರು ನಕ್ಕರು. ತಿಮೊಥಿಯವರು ನಗದೆ ಇಳಿದು ಹೋದರು. ಜ್ವರ ಏರಿತ್ತು, ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಮರುಸಂಜೆ ತೀರಿಕೊಂಡಳು. ಪ್ಲೇಗಿನಲ್ಲಿ ಸತ್ತವರನ್ನು ಮಣ್ಣು ಮಾಡಲು ಗೊತ್ತುಮಾಡಿದ ಜಾಗ ಇದ್ದದ್ದು ಕೆರೆಯ ಆಚೆ. ಹೊರುವವರು ಸಿಗಲಿಲ್ಲ. ತಿಮೊಥಿಯವರು ಮತ್ತು ಆಕೆಯ ಸೊಸೆ ಇಬ್ಬರೇ ಕೈಗಾಡಿಯಲ್ಲಿ ಒಯ್ದು ಮಣ್ಣು ಮಾಡಿ ಬಂದರು. ಮರುದಿನ ಬೆಳಗ್ಗೆ ಅವರು ಎಂದಿನಂತೆ ಗೋಡೆ ಓದಿ, ಬಂಡೆ ಹತ್ತಿ, ಮೊದಲ ಗುರುತಿಗೆ ಮೊದಲ ಹೆಸರನ್ನೇ ಕರೆದುಬಿಟ್ಟರು. "ರೆಬ್ಕವ್ವಾ!" ಅವರು ಮುಂದಿನ ಹೆಸರಿಗೆ ಬಾಯಿ ತೆರೆಯಲಾರದೆ ನಿಂತರು. ಆಗ ಕೆಳಗಿನಿಂದ ಆ ಸೊಸೆ ಕೂಗಿ ಹೇಳಿದಳು: "ಆಕಿ ಮುನಿಸ್ಕೊಂಡಾಳ್ರಿ. ನೀವ್ ಮುಂದಿನವರನ್ನ ಕರೀರಿ." ಅವರು ಕರೆದರು.

ರೋಗ ಇಳಿದು ಜನ ಊರಿಗೆ ಮರಳಿದ ಮೇಲೆ ಮಿಷನ್ನಿನಿಂದ ಒಂದು ಕಾಗದ ಬಂತು. ಸಂಕಟದ ಕಾಲದಲ್ಲಿ ಕೆರೆಯ ಆಚೆ ಹೋಗಿದ್ದು ನಿಜವೇ ಎಂದು ಕೇಳಿದ್ದರು. ತಿಮೊಥಿಯವರ ಮಟ್ಟಿಗೆ ಕೆರೆಯ ಆಚೆ ಇದ್ದದ್ದು ಒಂದೇ ಜಾಗ. ಅಪ್ಪಣೆ ಮೀರಿ ಹೆಣ ಮುಟ್ಟಿದ್ದಕ್ಕೆ ಕೇಳುತ್ತಿದ್ದಾರೆಂದು ಅವರು ತಿಳಿದರು. ಒಂದೇ ಸಾಲು ಉತ್ತರ ಬರೆದರು: 'ಹೌದು, ಹೋಗಿದ್ದೆನು, ಹದಿನೇಳು ಬಾರಿ ಹೋಗಿದ್ದೆನು, ತಪ್ಪಾಗಿದ್ದರೆ ಕ್ಷಮಿಸಬೇಕು.' ವಿಕ್ಟರ್ ಅಣ್ಣಿಗೇರಿ ತಪ್ಪೊಪ್ಪಿಗೆ ಎಂದು ಅಚ್ಚು ಹಾಕಿಸಿದ್ದು ಈ ಸಾಲನ್ನೇ. ಹದಿನೇಳು ಬಾರಿ ಎಂಬುದನ್ನು ಏಕೆ ಬಿಟ್ಟನೋ ನನಗೆ ಗೊತ್ತಿಲ್ಲ. ಆ ವರ್ಷ ಸಭೆಯ ಮರಣ ಪುಸ್ತಕದಲ್ಲಿರುವುದು ಹದಿನೇಳು ಹೆಸರು. ಯಾರು ಬೇಕಾದರೂ ತೆಗೆದು ನೋಡಬಹುದು.

ಆ ಕಾಗದದ ದೆಸೆಯಿಂದ ಅವರಿಗೆ ಪಾದ್ರಿಯ ದೀಕ್ಷೆ ಒಂಬತ್ತು ವರ್ಷ ತಡವಾಯಿತು. ಏಕೆ ತಡವಾಯಿತೆಂದು ಅವರು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕಡೆಗೆ ದೀಕ್ಷೆಯ ದಿನ ವಾಡಿಕೆಯಂತೆ, ನಿನಗೆ ದೇವರ ಕರೆ ಆದದ್ದು ಹೇಗೆ ಎಂದು ಎಲ್ಲರೆದುರು ಕೇಳಿದರು. ಕೆಲವರು ಕನಸನ್ನೂ, ಕೆಲವರು ವಾಕ್ಯವನ್ನೂ ಹೇಳುವುದುಂಟು. ತಿಮೊಥಿಯವರು ತಡೆದು, "ನನ್ನನ್ನ ಕರದದ್ದು ನಾ ಕೇಳಲಿಲ್ಲರಿ, ಅಯ್ಯನವರ. ಕರಿಯೋ ಕೆಲಸ ನನಗ ಬಂತು, ಮಾಡಿದೆ" ಎಂದರಂತೆ. ಮುಂದಿನ ಸಾಲಿನಲ್ಲಿ ಕುಳಿತಿದ್ದವರು ಅತ್ತರು ಎಂದು ಲೋಯಿಸಮ್ಮ ಹೇಳುತ್ತಿದ್ದರು. ಬಂಡೆಯನ್ನು ಜನ ಕರೆಕಲ್ಲು ಎನ್ನತೊಡಗಿದ್ದು ಪ್ಲೇಗಿನ ವರ್ಷದಿಂದಲೋ ಅಥವಾ ಈ ಮಾತಿನ ಮೇಲೋ, ನಾನು ಖಚಿತವಾಗಿ ಹೇಳಲಾರೆ. ಅದು ನನಗೆ ಗೊತ್ತಿಲ್ಲ.

ಅಂದಿನಿಂದ ಈ ಸಭೆಗೆ ಯಾವ ಹೊಸ ಪಾದ್ರಿ ಬಂದರೂ ಮೊದಲ ಭಾನುವಾರದ ಮುಂಜಾನೆ ಕರೆಕಲ್ಲನ್ನು ಹತ್ತಿ ಸಭೆಯ ಮನೆಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ. ಸ್ಥೂಲಕಾಯದ ಒಬ್ಬರಿಗೆ ಏಣಿ ಇಡಬೇಕಾಯಿತು. ಗಂಟಲು ಕಟ್ಟಿದ್ದ ಇನ್ನೊಬ್ಬರು ತಗಡಿನ ಕೊಳವೆ ಹಿಡಿದು ಕರೆದರು. ಹತ್ತಲಾರೆನೆಂದು ಯಾರೂ ಹೇಳಿಲ್ಲ. ಕಳೆದ ಜೂನ್‌ನಲ್ಲಿ ಬಂದ ಪ್ರಭುದಾಸ ಮೇಗಳಮನಿ ಪಾದ್ರಿಗಳೂ ಹತ್ತಿದರು. ನೋಡಲು ಬಂದವರು ಇಂದಿಗೂ ಚಾಚಿನ ಅಡಿಯಲ್ಲಿ ಆ ಗುರುತುಗಳನ್ನು ಕಾಣಬಹುದು. ಕೆಲವು ಮಸುಕಾಗಿವೆ, ಅರ್ಧಚಂದ್ರ ಸ್ಪಷ್ಟವಾಗಿದೆ. ಆ ಭಾನುವಾರ ಬಂದರೆ, ಪಾದ್ರಿಗಳು ಎಲ್ಲಕ್ಕಿಂತ ಮೊದಲು ಇಲ್ಲದ ಒಬ್ಬ ಹೆಂಗಸಿನ ಹೆಸರು ಕೂಗುವುದನ್ನೂ, ಕೆಳಗೆ ನಿಂತ ಸಭೆಯೆಲ್ಲ ಒಂದೇ ಧ್ವನಿಯಲ್ಲಿ "ಮುನಿಸ್ಕೊಂಡಾಳ್ರಿ" ಎನ್ನುವುದನ್ನೂ ಕೇಳಬಹುದು. ಕಳೆದ ಜೂನ್‌ನಲ್ಲಿ ಹಾಗೆ ಅಂದವರಲ್ಲಿ ವಿಕ್ಟರ್ ಅಣ್ಣಿಗೇರಿಯೂ ಇದ್ದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಒಂದು ಹೆಸರನ್ನು ಬಿಟ್ಟದ್ದಕ್ಕಾಗಿ ಊಟ ಬಿಟ್ಟವರ ಹೆಸರನ್ನೇ ಕಲ್ಲಿನಿಂದ ಬಿಟ್ಟಿದ್ದಾರೆ. ಕಲ್ಲು ಕೊರೆಯುವವನು ಕೆಲಸಕ್ಕೆ ಕೂರುವ ಮೊದಲು ನಾಲ್ಕನೆಯ ಪಾದ್ರಿ ತಿಮೊಥಿ ಸವಣೂರ ಎಂದು ಕರಡಿನಲ್ಲಿ ಸೇರಬೇಕು. ಸ್ಮರಣ ಸಂಚಿಕೆಯ ಸಂಪಾದಕರು ನಲವತ್ತೊಂದನೆಯ ಪುಟದಲ್ಲಿ ಬರೆದದ್ದಕ್ಕೆ ಸಹಿ ಮಾಡಿದ ಕ್ಷಮಾಪಣೆಯನ್ನು ಕೊಡಬೇಕು. ಅದನ್ನು ಬರುವ ಭಾನುವಾರ ಆರಾಧನೆಯಲ್ಲಿ, ಪ್ರಕಟಣೆಗಳ ಹೊತ್ತಿಗೆ, ಅವರೇ ನಿಂತು ಓದಬೇಕು.