ಗಡಿಬಾಗಿಲ ಕೆಂಡ

"ಬುದ್ಧಿ, ಎಲ್ಲ ನಾಡಿನವರಿಗೂ ಒಂದೇ ನಿಯಮ ಇಟ್ಟ ಮೇಲೆ ಅದರಲ್ಲಿ ಭೇದ ಎಲ್ಲಿಂದ ಬಂತು?" ಎಂದು ಸೋಮಲಿಂಗ ಗುರುಗಳನ್ನು ಕೇಳಿದ.

ಸೋಮಲಿಂಗ ಮಠದ ಹಿರಿಯ ಶಿಷ್ಯ. ಬಾಗಿಲ ಹೊಣೆ ಅವನದು. ಮಠದಲ್ಲಿ ನೆಲೆಸಲು ಬಂದವರು ತಮ್ಮ ಊರಿನ ಹಿರಿಯರೊಬ್ಬರನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಅಂದು ಬೆಳಿಗ್ಗೆ ಪರನಾಡಿನ ಯುವಕನೊಬ್ಬ ಒಬ್ಬಂಟಿಯಾಗಿ ಬಂದಿದ್ದ. ಹಿರಿಯರಿಲ್ಲದೆ ಆಗುವುದಿಲ್ಲವೆಂದು ಸೋಮಲಿಂಗ ಅವನನ್ನು ಹೊರಗಿನ ಜಗಲಿಯಲ್ಲೇ ಕೂರಿಸಿದ್ದ. ಸಂಜೆಯೊಳಗೆ ಅವನು ಹೊರಡಬೇಕಿತ್ತು. ಇದು ಭೇದವಾಗಲಿಲ್ಲವೇ ಎಂದು ಗುರುಗಳು ಕೇಳಿದ್ದರು.

ಗುರುಗಳು ನಕ್ಕರು. "ಕೂತುಕೋ. ನಿನ್ನ ಹಾಗೇ ಒಬ್ಬ ನೇರ ಮನುಷ್ಯನಿದ್ದ, ಅವನ ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ನಾಡಿನ ಗಡಿಯಲ್ಲಿ ಒಬ್ಬ ಕಾವಲುಗಾರನಿದ್ದ. ಆ ನಾಡಿನ ಪ್ರಜೆಯಾಗಲು ಬರುವವರಿಗೆಲ್ಲ ಒಂದೇ ನಿಯಮ. ಹುಟ್ಟೂರಿನ ಒಲೆಯಿಂದ ಗಡಿಗೆಯಲ್ಲಿ ಕೆಂಡ ತರಬೇಕು. ದಾರಿಯುದ್ದಕ್ಕೂ ಬೆಂಕಿ ಕಾಪಾಡಿದವರು ಸಂಸಾರವನ್ನೂ ಕಾಪಾಡುತ್ತಾರೆ ಎಂದು ಹಿಂದಿನವರು ಮಾಡಿದ ನಿಯಮ ಅದು. ಕಾವಲುಗಾರ ಒಣ ನಾರನ್ನು ಕೆಂಡಕ್ಕೆ ಹಿಡಿಯುತ್ತಿದ್ದ. ಹೊತ್ತಿಕೊಂಡರೆ ಬಾಗಿಲು ತೆರೆಯುತ್ತಿದ್ದ. ಹೊತ್ತದಿದ್ದರೆ ಬಂದವರು ಬಂದ ದಾರಿ ಹಿಡಿಯಬೇಕು.

ಅವನು ಲಂಚ ಮುಟ್ಟಿದವನಲ್ಲ, ಯಾರ ಮುಲಾಜಿಗೂ ಬಿದ್ದವನಲ್ಲ. ಕೆಂಡ ಆರಿದ್ದರೆ ಸಾಹುಕಾರನನ್ನೂ ವಾಪಸು ಕಳಿಸುತ್ತಿದ್ದ. ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಇದನ್ನೇ ಹೇಳಿಕೊಳ್ಳುವುದು ಅವನ ಚಾಳಿ. ಪಾಪ, ಅವಳು ಹೂಂಗುಟ್ಟುತ್ತಾ ಬಡಿಸುತ್ತಿದ್ದಳು.

ಆ ನಾಡಿಗೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ದೊಡ್ಡ ಹೊಳೆ. ಗುಡ್ಡದ ನಾಡಿನವರು ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಬಾಗಿಲಲ್ಲಿರುತ್ತಿದ್ದರು. ಅವರ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಹೊಳೆಯಾಚೆಯವರು ದಿನಗಟ್ಟಲೆ ದೋಣಿಯಲ್ಲಿ ನೆನೆಯುತ್ತಾ ಬರಬೇಕು. ಅವರಲ್ಲಿ ಬಾಗಿಲು ದಾಟಿದವರು ಕಡಿಮೆ. ಆ ಜನಕ್ಕೆ ಬೆಂಕಿ ಕಾಪಾಡಲು ಬರುವುದಿಲ್ಲ ಎಂದೇ ಕಾವಲುಗಾರ ನಂಬಿದ್ದ.

ಮಳೆಗಾಲದ ಹೊಸ್ತಿಲಲ್ಲಿ ಹೊಳೆಯಾಚೆಯಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಕೆಮ್ಮುವ ಕೂಸು, ಕೈಯಲ್ಲಿ ಗಡಿಗೆ. ಅವಳ ಊರಿಗೆ ಊರೇ ನೀರುಪಾಲಾಗಿತ್ತು, ಹಿಂದಿರುಗಲು ಮನೆಯಿರಲಿಲ್ಲ. ಕಾವಲುಗಾರ ನಾರು ಹಿಡಿದ. ಹೊತ್ತಲಿಲ್ಲ. ಬೂದಿ ಕೆದಕಿ ಮತ್ತೆ ಹಿಡಿದ. ತಳದವರೆಗೂ ತಣ್ಣಗಿತ್ತು.

"ಆಗಲ್ಲ ತಾಯಿ," ಎಂದ. "ಗುಡ್ಡದವರಿಗೂ ಇದೇ ನಿಯಮ, ನಿನಗೂ ಇದೇ. ನಾನು ಯಾರಿಗೂ ಭೇದ ಮಾಡಿದವನಲ್ಲ."

"ನೀವು ಮಾಡಲಿಲ್ಲ ಅಣ್ಣಾ. ಹೊಳೆ ಮಾಡಿತು," ಎಂದಳು ಅವಳು.

ಜಗಳ ಆಡಲಿಲ್ಲ, ಅಳಲೂ ಇಲ್ಲ. ಸೆರಗಿನಿಂದ ಕೂಸಿನ ತಲೆ ಮುಚ್ಚಿ ಬಾಗಿಲ ಹೊರಗೆ ಕೂತಳು. ಕಾವಲುಗಾರನಿಗೆ ಸಿಟ್ಟು ಬಂತು. ನಿಯಮ ಪಾಲಿಸಿದವನಿಗೆ ಯಾಕಪ್ಪಾ ಸಿಟ್ಟು ಬರಬೇಕು? ಅವನಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಕೈಯಲ್ಲಿ ಬುತ್ತಿ ಇರಲಿಲ್ಲ. ಮಡಕೆಯ ಚೂರಿನ ಮೇಲೆ ಕೆಂಡ ಇತ್ತು. "ಒಲೆ ಆರಿಹೋಗಿತ್ತು ಕಣ್ರೀ. ಪಕ್ಕದ ಮನೆಯಿಂದ ಕೆಂಡ ತಗೊಂಡು ಹೊರಟಿದ್ದೀನಿ, ಇವತ್ತು ಊಟ ತಡ" ಎಂದಳು. ಮಾತು ಮುಗಿಯುವ ಮೊದಲೇ ಅವಳ ಕಣ್ಣು ಹೊರಗೆ ಕೂತವಳ ಮೇಲೆ, ಬರೀ ಬೂದಿಯ ಗಡಿಗೆಯ ಮೇಲೆ ಬಿತ್ತು. ಬಾಗಿಲಾಚೆ ಹೋಗಿ ಅರ್ಧ ಕೆಂಡವನ್ನು ಆ ಗಡಿಗೆಗೆ ಸುರಿದಳು. ಒಲೆ ಆರಿದವರಿಗೆ ಕೆಂಡ ಕೊಡುವುದು ಅವಳು ಯೋಚಿಸಿ ಮಾಡುವ ಕೆಲಸವೇ ಆಗಿರಲಿಲ್ಲ.

"ಏ, ಏನೇ ಮಾಡ್ತಿದ್ದೀಯ! ಅದು ಅವಳ ಊರಿನ ಬೆಂಕಿಯಲ್ಲ!" ಎಂದು ಕಾವಲುಗಾರ ಕೂಗಿದ.

"ಅಯ್ಯೋ, ನಮ್ಮ ಒಲೆಯಲ್ಲಿ ಉರಿಯೋದು ಯಾವ ಊರಿನದು?" ಎಂದಳು ಅವಳು.

ಕಾವಲುಗಾರನ ಅಜ್ಜ ಗುಡ್ಡದಿಂದ ಕೆಂಡ ತಂದದ್ದು ನಿಜ. ಆಮೇಲೆ ಅದು ಎಷ್ಟು ಸಲ ಆರಿತ್ತೋ, ಯಾರ್ಯಾರ ಮನೆಯಿಂದ ಮತ್ತೆ ಬಂದಿತ್ತೋ. ಅವ್ವ ಹಾಸಿಗೆ ಹಿಡಿದಿದ್ದಾಗ ಎದುರು ಮನೆಯ ಮುದುಕಿ ಬೆಳಗಾದರೆ ಕೆಂಡ ತಂದು, ಒಲೆ ಹೊತ್ತಿಸಿ, ಗಂಜಿ ಕಾಯಿಸಿಟ್ಟು ಹೋಗುತ್ತಿದ್ದಳು. ಆ ಗಂಜಿ ಕುಡಿದು ಬೆಳೆದವನು ಅವನು. ಆ ಮುದುಕಿ ಇಲ್ಲದಿದ್ದರೆ ತಾನಿಲ್ಲ ಎಂಬುದು ಅಂದು ಅವನಿಗೆ ಮೊದಲ ಸಲ ಹೊಳೆಯಿತು. ಅವಳನ್ನು ನೆನೆದು ಇದ್ದಲ್ಲಿಂದಲೇ ಕೈಮುಗಿದ.

ಆಮೇಲೆ ನಾರನ್ನು ಗಡಿಗೆಗೆ ಹಿಡಿದ. ಹೊತ್ತಿಕೊಂಡಿತು. ಬಾಗಿಲು ತೆರೆದ.

ನಾಡಿನ ಹಿರಿಯರು ಕರೆಸಿ ಕೇಳಿದರು. ನಡೆದದ್ದನ್ನು ನಡೆದ ಹಾಗೇ ಹೇಳಿದ. ಅವರೂ ತಮ್ಮ ತಮ್ಮ ಒಲೆಗಳನ್ನು ನೆನೆಸಿಕೊಂಡಿರಬೇಕು. ಅವಳನ್ನು ಹೊರಗೆ ಹಾಕಿ ಎಂದು ಯಾರೂ ಅನ್ನಲಿಲ್ಲ.

ಒಲೆ ಹೂಡಿದ ಮೇಲೆ ಆ ಹೆಂಗಸು ಕೆಂಡ ಹಿಡಿದು ಕಾವಲುಗಾರನ ಹೆಂಡತಿಯ ಬಳಿ ಬಂದಳು. "ಅಕ್ಕಾ, ಕೂಸಿನ ಕೆಮ್ಮು ನಿಂತಿತು. ನಿಮ್ಮ ಋಣ ಹೇಗೆ ತೀರಿಸಲಿ?" ಎಂದಳು.

"ನನ್ನ ಒಲೆ ಉರೀತಿದೆ ಕಣವ್ವಾ. ಆ ಕೆಂಡಾನ ಗಡಿಬಾಗಿಲ ಹತ್ತಿರ ಇಡು" ಎಂದಳು ಅವಳು.

ಅಂದಿನಿಂದ ಬಾಗಿಲ ಹೊರಗೆ ಒಂದು ಒಲೆ ಉರಿಯುತ್ತಿದೆ. ಅದಕ್ಕೆ ಬೆರಣಿ ಇಡುವವನು ಕಾವಲುಗಾರನೇ. ಹೊಳೆಯಾಚೆಯಿಂದ ಬಂದವರು ಅಲ್ಲಿ ಮೈ ಕಾಯಿಸಿಕೊಂಡು, ಗಡಿಗೆ ತುಂಬಿಕೊಂಡು, ಆಮೇಲೆ ಬಾಗಿಲಿಗೆ ಬರುತ್ತಾರೆ. ನಿಯಮ ಮೊದಲಿನದೇ.

ಗುರುಗಳು ಕತೆ ನಿಲ್ಲಿಸಿದರು.

"ಕತೆ ಚೆನ್ನಾಗಿದೆ ಬುದ್ಧಿ," ಎಂದ ಸೋಮಲಿಂಗ. "ಆದರೆ ನಮ್ಮ ಕಟ್ಟಳೆ ಕೆಂಡದ್ದಲ್ಲವಲ್ಲ. ಆ ಹುಡುಗನ ಊರಿನ ಹಿರಿಯರನ್ನು ನಾವು ಎಲ್ಲಿಂದ ತರೋಣ?"

ಗುರುಗಳು ಅಡುಗೆಮನೆಯ ಕಡೆ ತಿರುಗಿದರು. ಮುದುಕ ಕರಿಬಸಯ್ಯ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದ.

"ನೀನು ಒಬ್ಬಂಟಿಯಾಗಿ ಬಂದ ದಿನ, ಇವನ ಊರಿನ ಹಿರಿಯ ನಾನೇ ಎಂದು ನಿನ್ನ ಪಕ್ಕದಲ್ಲಿ ಬಂದು ನಿಂತ ಕರಿಬಸಯ್ಯ, ನಿನ್ನ ಊರನ್ನು ಇಂದಿಗೂ ನೋಡಿಲ್ಲ" ಎಂದರು.

ಸೋಮಲಿಂಗ ಎದ್ದು ಜಗಲಿಗೆ ಹೋಗಿ ಆ ಯುವಕನ ಪಕ್ಕದಲ್ಲಿ ನಿಂತ.