ಖಾಲಿ ಇಳಿಯುವ ಗಾಡಿ

ಗುಡ್ಡದ ಬುಡದ ಆಶ್ರಮದಲ್ಲಿ ಸೋಲಾರ್ ದೀಪಗಳ ಬ್ಯಾಟರಿ ಸತ್ತು ಎಂಟು ದಿನವಾಗಿತ್ತು. ಕಲ್ಲುಕ್ವಾರಿಯ ಹೆಂಗಸರಿಗೆ ಸಂಜೆ ನಡೆಯುತ್ತಿದ್ದ ಅಕ್ಷರಪಾಠ ಅಲ್ಲಿಗೇ ನಿಂತಿತ್ತು.

ಪಾಠ ಹೇಳುವವನು ಶಿಷ್ಯ ತಿಪ್ಪೇಶ. ಹುಣ್ಣಿಮೆಯೊಳಗೆ ದೀಪ ಹತ್ತಿಸುತ್ತೇನೆಂದು ಅವರಿಗೆ ಮಾತು ಕೊಟ್ಟುಬಿಟ್ಟಿದ್ದ.

ಅವನು ಗುರು ನಿರ್ವಾಣಯ್ಯನವರ ಮುಂದೆ ಒಂದು ನಕ್ಷೆ ಹರಡಿದ.

“ಇದು ಗೋಪುರ, ಗುರುಗಳೇ. ಹಗಲು ಸೋಲಾರ್ ಮೋಟಾರು ಬಂಡೆಯನ್ನು ಮೇಲಕ್ಕೆಳೆಯುತ್ತದೆ. ಸಂಜೆ ಬಂಡೆ ಇಳಿಯುತ್ತಾ ಡೈನಮೊ ತಿರುಗಿಸುತ್ತದೆ. ಬ್ಯಾಟರಿಯ ಹಂಗೇ ಬೇಡ. ಅಂಗಳದ ಹೊಂಗೆಮರ ಕಡಿಯಲು ಅಪ್ಪಣೆ ಕೊಟ್ಟರೆ ತೊಲೆಗಳೂ ಆದವು.”

ನಿರ್ವಾಣಯ್ಯ ಸಂನ್ಯಾಸಕ್ಕೆ ಮುಂಚೆ ಉಪ್ಪಿನ ಗಾಡಿ ಹೊಡೆದವರು. ಸರಕು ನೋಡದೆ ತಲೆಯಾಡಿಸುವ ಅಭ್ಯಾಸವಿರಲಿಲ್ಲ.

“ಮರ ಎಲ್ಲಿಗೂ ಓಡಿಹೋಗಲ್ಲ. ಮೊದಲು ಸ್ಯಾಂಪಲ್ ತೋರಿಸು.”

ಉಗ್ರಾಣದಲ್ಲಿ ಹಳೆಯ ಡೈನಮೊ ಇತ್ತು, ಮೋಟಾರು ಇನ್ನೂ ಬಂದಿರಲಿಲ್ಲ. ತಿಪ್ಪೇಶನ ಬೆನ್ನೇ ಮೋಟಾರಾಯಿತು. ಐವತ್ತು ಕೆಜಿ ಕಲ್ಲನ್ನು ಹೊತ್ತು ಮೂವತ್ತಡಿ ಮೇಲಿನ ಬಂಡೆಯ ಅಂಚಿಗೆ ಏರಿಸಿದ. ಹಗ್ಗ ಕಟ್ಟಿ, ಡೈನಮೊದ ಗಾಲಿಗೆ ಸುತ್ತಿ, ಮೆಲ್ಲಗೆ ಬಿಟ್ಟ.

ದೀಪ ಹತ್ತಿತು. ಕ್ವಾರಿಯ ಹೊನ್ನೂರವ್ವ ಪುಸ್ತಕ ತೆರೆದು, ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ನಾಲ್ಕು ಸಾಲು ಓದಿದಳು. ಐದನೆಯ ಸಾಲಿಗೆ ಕಲ್ಲು ದೊಪ್ಪನೆ ನೆಲ ಸೇರಿತು.

“ಅಯ್ಯೋ ಮೇಷ್ಟ್ರೇ, ನಿಮ್ಮ ದೀಪ ಕಣ್ಣು ಹೊಡೆದು ಹೋಯ್ತಲ್ಲ!”

ಹೆಂಗಸರು ನಕ್ಕರು. ತಿಪ್ಪೇಶ ನಗಲಿಲ್ಲ.

“ನಾಲ್ಕು ನಿಮಿಷ,” ಎಂದರು ಗುರು. “ಎರಡು ಗಂಟೆಯ ಪಾಠಕ್ಕೆ?”

“ಇಂಥ ಮೂವತ್ತು ಕಲ್ಲು. ನಾಲ್ಕು ದೀಪವೆಂದರೆ ನೂರಿಪ್ಪತ್ತು. ಆರು ಟನ್.”

“ಹೊಂಗೆಯ ತೊಲೆ ಹೊರುತ್ತಾ?”

ತಿಪ್ಪೇಶ ನಕ್ಷೆ ಮಡಿಸಿದ. “ಹಾಗಾದರೆ ಈ ಯೋಚನೆಯೇ ಸುಳ್ಳಾ, ಗುರುಗಳೇ?”

“ಸುಳ್ಳು ಅಂತ ನಾನೆಲ್ಲಿ ಅಂದೆ? ದಿನಾ ಸಂಜೆ ಈ ಗುಡ್ಡದಿಂದ ಒಂದು ಗಾಡಿ ಖಾಲಿ ಇಳೀತಿದೆ. ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತೆ. ಅದನ್ನು ಹುಡುಕು.”

ಗುಡ್ಡಕ್ಕೆ ಗಾಡಿದಾರಿಯೇ ಇರಲಿಲ್ಲ. ತಿಪ್ಪೇಶ ಎರಡು ದಿನ ಸುತ್ತಿ ಕಾಲು ನೋಯಿಸಿಕೊಂಡ. ಹುಣ್ಣಿಮೆಗೆ ಮೂರೇ ದಿನ ಉಳಿದಿತ್ತು.

ಮರುದಿನ ಸಂಜೆ ಎಂದಿನಂತೆ ಬದನೆ ಮಡಿಗೆ ನೀರು ಬಿಡಲು ಹೋದ. ಗುಡ್ಡದ ನೆತ್ತಿಯಲ್ಲಿ ಇಪ್ಪತ್ತು ಸಾವಿರ ಲೀಟರಿನ ತೊಟ್ಟಿ. ಹಗಲೆಲ್ಲ ಸೋಲಾರ್ ಪಂಪು ತುಂಬಿಸುತ್ತಿತ್ತು, ಸಂಜೆ ಅಷ್ಟೂ ಪೈಪಿನಲ್ಲಿ ತೋಟಕ್ಕೆ ಇಳಿಯುತ್ತಿತ್ತು. ವಾಲ್ವ್ ತಿರುಗಿಸಿದ. ಪೈಪು ಅವನ ಕೈಯಲ್ಲಿ ಹೋರಿಯಂತೆ ಗುದ್ದಿತು.

ಅದು ವರ್ಷಗಳಿಂದ ಗುದ್ದುತ್ತಲೇ ಇತ್ತು. ಅವನು ಬೈದು, ಕಾಲಲ್ಲಿ ಮೆಟ್ಟಿ ಹಿಡಿಯುತ್ತಿದ್ದ.

ಈ ಸಲ ಹಿಡಿದವನು ಹಾಗೇ ನಿಂತ. ಇಪ್ಪತ್ತು ಟನ್. ಹೊರಲು ಇಡೀ ಗುಡ್ಡ.

ಒದ್ದೆ ಪಂಚೆಯಲ್ಲೇ ಓಡಿದ. ನಿರ್ವಾಣಯ್ಯ ಹೊಂಗೆಯ ಕೆಳಗೆ ಅವರೆಕಾಯಿ ಸುಲಿಯುತ್ತಿದ್ದರು.

“ಗಾಡಿ ಸಿಕ್ಕಿತು, ಗುರುಗಳೇ! ನೀರು! ಪೈಪಿನ ಬಾಯಿಗೆ ಒಂದು ಚಕ್ರ ಕೂರಿಸಿ ಡೈನಮೊ ಕಟ್ಟಿದರೆ ಸಾಕು. ದೀಪಕ್ಕೆ ದೀಪ, ಬದನೆಗೆ ನೀರು!”

ಗುರು ಅವನ ಎರಡು ಕೈಗಳನ್ನೂ ನೋಡಿದರು.

“ಉಗ್ರಾಣದ ಮುಂದೆಯೇ ಹಾದು ಬಂದೆಯಾ?”

“ಹೌದು.”

“ಡೈನಮೊ ಅಲ್ಲೇ ಇತ್ತಲ್ಲ. ನೀನೂ ಖಾಲಿ ಬಂದೆಯಾ?”